ಸಿಪ್ಪೆ ಮೇಷ್ಟ್ರೂ ನನ್ನ ಎಡಗೆನ್ನೆಯೂ

ನಾಚಿಕೆಯನ್ನು ಹುಟ್ಟುವಾಗಲೇ ದೇವರ ಹತ್ತಿರ ಬಿಟ್ಟುಬಂದ ಮನುಷ್ಯ ಅಂತ ನಮ್ಮ ಕಡೆ ಒಬ್ಬರಿಗೆ ಹೆಸರಿತ್ತು. ಅವರು ನಮ್ಮ ಸೈನ್ಸ್ ಮೇಷ್ಟ್ರು. ಮೊನ್ನೆ ನೆಲಮಂಗಲದಲ್ಲಿ ತೀರಿಕೊಂಡರಂತೆ. ತುಂಬು ವಯಸ್ಸು, ಬೆಳಗಿನ ಕಾಫಿ ಕುಡಿದು ಪೇಪರು ಓದುತ್ತಿದ್ದವರು ಹಾಗೇ ಒರಗಿದರು ಅಂತ ಅವರ ಇನ್ನೊಬ್ಬ ಶಿಷ್ಯ ಫೋನು ಮಾಡಿ ಹೇಳಿದ. ಪುಣ್ಯವಂತರ ಸಾವು ಅಂದೆ. ಅಂದವಳು ಫೋನಿಟ್ಟು ನೆಟ್ಟಗೆ ಕನ್ನಡಿಯ ಮುಂದೆ ಹೋಗಿ ನಿಂತೆ. ಎಪ್ಪತ್ತು ದಾಟಿದ ಮುದುಕಿ ಎಡಗೆನ್ನೆ ಬಲಗೆನ್ನೆ ಹೋಲಿಸಿ ನೋಡಿಕೊಳ್ಳುವುದನ್ನು ಸೊಸೆ ಕಂಡಿದ್ದರೆ ಏನಂದುಕೊಳ್ಳುತ್ತಿದ್ದಳೋ. ಸದ್ಯ, ಅವಳು ಹಾಲು ತರಲು ಹೋಗಿದ್ದಳು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಕ್ಕಳಿಗೆ ಮುಜುಗರ. ಬರೆಯದಿದ್ದರೂ ದೇವನಹಳ್ಳಿಯ ಹಳಬರಿಗೆ ಗೊತ್ತಾಗಿಯೇ ಆಗುತ್ತದೆ, ಯಾಕೆಂದರೆ ಊರಿಗೆಲ್ಲ ಅವರು ಸಿಪ್ಪೆ ಮೇಷ್ಟ್ರು. ನಮ್ಮ ಕಡೆಯ ಚಕ್ಕೋತ ಆಗಲೂ ಹೆಸರುವಾಸಿ. ಮಕ್ಕಳ ಕೈಯಲ್ಲಿ ಮೇಷ್ಟ್ರುಗಳಿಗೆ ಒಂದೆರಡು ಹಣ್ಣು ಕಳಿಸುವುದು ಎಲ್ಲರ ಮನೆಯಲ್ಲೂ ಇದ್ದ ರೂಢಿ. ಉಳಿದ ಮೇಷ್ಟ್ರುಗಳು ಹಣ್ಣು ಮನೆಗೊಯ್ಯುತ್ತಿದ್ದರು. ಇವರು ಮಾತ್ರ ಅಲ್ಲೇ ಮೇಜಿನ ಮೇಲೆ ಸುಲಿದು, ತೊಳೆಗಳನ್ನೆಲ್ಲ ಮಕ್ಕಳಿಗೆ ಹಂಚಿ, ಸಿಪ್ಪೆಯನ್ನು ಅಂಗವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೊರಡುತ್ತಿದ್ದರು. ನಮ್ಮಪ್ಪನಿಗೆ ತೋಟದ ಅಂಚಿನಲ್ಲಿ ಚಕ್ಕೋತದ ಗಿಡಗಳಿದ್ದವು. ಒಂದು ಸಲ ಮೇಷ್ಟ್ರೇ ನಮ್ಮ ಹಳ್ಳಿಗೆ ನಡೆದುಬಂದು, "ಹಣ್ಣು ನೀವು ಮಾರ್ಕೊಳ್ಳಿ ಗೌಡ್ರೇ, ಒಡೆದದ್ದು ಕೊಳೆತದ್ದು ಇರುತ್ತಲ್ಲ, ಅದರ ಸಿಪ್ಪೆ ನನಗೆ ಕೊಡಿ" ಅಂದರು. ಅವರು ಹೋದ ಮೇಲೆ ಅಪ್ಪ ಜಗಲಿಯ ಮೇಲೆ ಕೂತು ಬಹಳ ಹೊತ್ತು ನಕ್ಕ.

"ಹಣ್ಣು ಬಿಟ್ಟು ಸಿಪ್ಪೆ ಕೇಳೋ ಬ್ರಾಂಬ್ರುನ್ನ ಇವತ್ತೇ ಕಣಮ್ಮಿ ಕಂಡಿದ್ದು" ಅಂದ ಅವ್ವನಿಗೆ.

ಸಂತೆ ಮುಗಿದ ಮೇಲೆ ಹಣ್ಣಿನವರು ಬಿಟ್ಟುಹೋದ ಕಸದ ನಡುವೆ ಮೇಷ್ಟ್ರು ಬಗ್ಗಿ ಸಿಪ್ಪೆ ಆರಿಸುತ್ತಿದ್ದರು. ಕೋಟು, ಪೇಟ, ಹಣೆಯಲ್ಲಿ ಅಕ್ಷತೆ ಎಲ್ಲ ಇದ್ದಂತೆಯೇ. ನೋಡಿದ ಯಾರಾದರೂ, "ಇದೇನು ಮೇಷ್ಟ್ರೇ" ಅಂದರೆ, "ನಾವು ಎಸೆಯೋದ್ರಲ್ಲೇ ಸಾರ ಇರೋದು ಕಣಯ್ಯಾ" ಅನ್ನುತ್ತಿದ್ದರು. ಆಗ ಅವರಿಗೆ ಇಪ್ಪತ್ತೈದು ಇಪ್ಪತ್ತಾರು ಇದ್ದಿರಬೇಕು. ನಮಗೆ ಅವರು ಮುದುಕರ ಹಾಗೆ ಕಾಣುತ್ತಿದ್ದರು. ಉದ್ದಕ್ಕೆ, ಒಣಕಲು, ಗಂಟಲಿನ ಗಂಟು ಮಾತಿಗೊಂದು ಸಲ ಮೇಲೆ ಕೆಳಗೆ ಓಡಾಡುತ್ತಿತ್ತು.

ಆ ಸಿಪ್ಪೆಯಿಂದ ಅವರು ಮುಖಕ್ಕೆ ಹಚ್ಚುವ ಅರ್ಕ ಮಾಡುತ್ತಿದ್ದರು. ಯುದ್ಧದ ಕಾಲ ಅದು. ಸೀಮೆಯಿಂದ ಬರುತ್ತಿದ್ದ ಸ್ನೋ ಕ್ರೀಮಿನ ಬಾಟಲಿಗಳು ಬರುವುದು ನಿಂತುಹೋಗಿ, ಬೆಂಗಳೂರಿನ ದೊಡ್ಡ ಮನೆಗಳ ಹೆಂಗಸರು ಪರದಾಡುತ್ತಿದ್ದಾರೆ ಅಂತ ಮೇಷ್ಟ್ರು ಪಾಠದ ನಡುವೆ ಹೇಳುತ್ತಿದ್ದರು. ಆ ಸ್ನೋದಲ್ಲಿ ಇರುವುದೇನು, ನಮ್ಮ ನೆಲ್ಲಿಕಾಯಿ ಚಕ್ಕೋತಗಳಲ್ಲಿ ಇಲ್ಲದ್ದೇನು ಅನ್ನುವುದು ಅವರ ವಾದ. ನೆರಳಲ್ಲಿ ಒಣಗಿಸಿದ ಸಿಪ್ಪೆ, ನೆಲ್ಲಿಕಾಯಿ, ಅತಿಮಧುರದ ಕಡ್ಡಿ, ಲಾವಂಚದ ಬೇರು, ಇಷ್ಟನ್ನೂ ಜಜ್ಜಿ ಸಾರಾಯಿಯಲ್ಲಿ ನೆನೆಹಾಕಿ ಆಮೇಲೆ ಭಟ್ಟಿ ಇಳಿಸುತ್ತಿದ್ದರು. ಬಚ್ಚಲಿನ ತಾಮ್ರದ ಹಂಡೆಯೇ ಭಟ್ಟಿ. ಅವರ ಹೆಂಡತಿ ಆ ಕಾಲವಿಡೀ ಮಣ್ಣಿನ ಮಡಕೆಯಲ್ಲಿ ನೀರು ಕಾಯಿಸಿದರು.

ಸಾರಾಯಿ ತರಲು ಇನ್ನೊಬ್ಬರನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ನಡುಹಗಲು ಗಾಜಿನ ಹೂಜಿ ಹಿಡಿದು ತಾವೇ ಅಂಗಡಿಗೆ ಹೋಗಿ ಕುಡುಕರ ಸಾಲಿನಲ್ಲಿ ನಿಂತರು. ಹೆಡ್‌ಮೇಷ್ಟ್ರು ಕರೆದು ಬುದ್ಧಿ ಹೇಳಿದ್ದಕ್ಕೆ, "ಮುಚ್ಚಿಟ್ಟುಕೊಂಡು ತಂದ್ರೆ ಕುಡಿಯೋಕೆ ಅಂತಾರೆ ಸಾರ್, ತೋರಿಸ್ಕೊಂಡು ತಂದ್ರೆ ಹುಚ್ಚು ಅಂತಾರೆ. ಹುಚ್ಚೇ ವಾಸಿ" ಅಂದರಂತೆ. ಭಟ್ಟಿಯ ವಾಸನೆ ಬೀದಿಗೆ ಹಬ್ಬಿ ಅಬ್ಕಾರಿ ಜಮಾದಾರ ಸಾಬರು ಹುಡುಕಿಕೊಂಡು ಬಂದರು. ಮೇಷ್ಟ್ರು ಅವರನ್ನು ಮಣೆ ಹಾಕಿ ಕೂರಿಸಿ, ಅಂಗೈ ಹಿಡಿದು ಅರ್ಕ ಸುರಿದು, ಅರ್ಧ ಗಂಟೆ ಪಾಠ ಮಾಡಿದರು. ಜಮಾದಾರರು ಕೈ ಮೂಸಿ, "ಕುಡಿಯೋದಲ್ಲ, ಹಚ್ಚೋದು ಅಂತ ಮೊದ್ಲೇ ಹೇಳ್ಬಾರ್ದಾ ಮೇಷ್ಟ್ರೇ. ನಮ್ ಮನೆಯೋಳಿಗೆ ಒಂದು ಚಿಕ್ ಶೀಸೆ ಕೊಡಿ" ಅಂದು ಇಸಿದುಕೊಂಡು ಹೋದರು.

ತರಗತಿಯಲ್ಲಿ ಅವರು ಮಾಡಿದ ಒಂದು ಪಾಠವನ್ನು ನಾನು ಇವತ್ತಿಗೂ ಬಾಯಿಪಾಠ ಒಪ್ಪಿಸಬಲ್ಲೆ. ಒಂದು ಬದನೆಕಾಯಿ ತಂದು ನಮ್ಮೆದುರೇ ಎರಡು ಹೋಳು ಮಾಡಿದರು. ಒಂದನ್ನು ಹಾಗೇ ತಟ್ಟೆಯಲ್ಲಿಟ್ಟರು. ಇನ್ನೊಂದನ್ನು ಅರ್ಕದಲ್ಲಿ ಅದ್ದಿ ಪಕ್ಕದಲ್ಲಿಟ್ಟರು. ಪೀರಿಯಡ್ಡು ಮುಗಿಯುವಷ್ಟರಲ್ಲಿ ಒಂದು ಹೋಳು ಕಂದಿ ಕರ್ರಗಾಗಿತ್ತು, ಅದ್ದಿದ್ದು ಬೆಳ್ಳಗೇ ಇತ್ತು.

"ನೋಡ್ರೋ. ಗಾಳಿಯಲ್ಲಿರೋ ಆಮ್ಲಜನಕ ತಾಗಿ ಇದು ಕಪ್ಪಾಯ್ತು. ಇದಕ್ಕೆ ನನ್ನ ಅರ್ಕ ಕಾವಲು ನಿಂತಿತು. ಎಣ್ಣೆ ಕಮಟೋದೂ ಇದರಿಂದಲೇ, ಕಬ್ಬಿಣ ತುಕ್ಕು ಹಿಡಿಯೋದೂ ಇದರಿಂದಲೇ. ಮನುಷ್ಯನ ಚರ್ಮ ಮಾತ್ರ ಬೇರೆ ಯಾಕಾಗುತ್ತೆ?"

ಮನುಷ್ಯನ ಚರ್ಮ ಬದನೆಕಾಯಿ ಅಲ್ಲ ಸಾ, ಅಂತ ಹೇಳಲು ನಮಗೆ ಯಾರಿಗೂ ತೋಚಲಿಲ್ಲ. ತೋಚಿದ್ದರೂ ಹೇಳುತ್ತಿರಲಿಲ್ಲ. ಹುಡುಗರೆಲ್ಲ ತಟ್ಟೆಯಿಂದ ಕಣ್ಣು ತೆಗೆದು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ತರಗತಿಯಲ್ಲಿ ಎಲ್ಲರಿಗಿಂತ ಕಪ್ಪು ನಾನು. ಕರ್ರಗಾದ ಆ ಹೋಳು ನಾನೇ ಅನ್ನುವ ಹಾಗೆ ತಲೆ ತಗ್ಗಿಸಿ ಕೂತೆ.

ಕಪ್ಪಾದರೂ ಕಸ್ತೂರಿ ಅಂತ ನಮ್ಮ ಜನ ಸಮಾಧಾನ ಹೇಳುತ್ತಾರೆ. ಹಾಗೆ ಹೇಳುವವರು ಕಸ್ತೂರಿಯನ್ನು ಬಾಯಿತುಂಬ ಹೊಗಳಿ, ಬೆಳ್ಳಗಿನ ಹುಡುಗಿಯನ್ನೇ ಮನೆ ತುಂಬಿಸಿಕೊಳ್ಳುತ್ತಾರೆ. ನಮ್ಮವ್ವನಿಗೆ ಇದು ನಾನು ಹುಟ್ಟಿದಾಗಲೇ ಗೊತ್ತಿತ್ತು. ಮನೆಗೆ ಯಾರಾದರೂ ಬಂದರೆ ನನ್ನನ್ನು ಹಟ್ಟಿಗೆ ಕಳಿಸಿ ತಂಗಿಯ ಕೈಲಿ ನೀರು ಕೊಡಿಸುತ್ತಿದ್ದಳು. ಅವಳು ನನ್ನನ್ನು ಹೊಡೆದವಳಲ್ಲ, ಬೈದವಳಲ್ಲ; ತಲೆಗೆ ಎಣ್ಣೆ ಒತ್ತುವಾಗ ಅವಳ ಕೈ ಬೆಣ್ಣೆಯಂತಿತ್ತು. ನನ್ನನ್ನು ಕಂಡರೆ ಅವಳಿಗೆ ಪ್ರೀತಿ, ನನ್ನನ್ನು ಬೇರೆಯವರು ಕಂಡರೆ ಅವಳಿಗೆ ನಾಚಿಕೆ. ಇವೆರಡೂ ಒಂದೇ ಹೊಟ್ಟೆಯಲ್ಲಿ ಹೇಗಿರುತ್ತವೆ ಅಂತ ನಾನೂ ಹೆಣ್ಣು ಹೆತ್ತ ಮೇಲೆ ತಿಳಿಯಿತು. ತಿಳಿದದ್ದಕ್ಕೂ ನಾಚಿಕೆಯಾಯಿತು.

ಆ ಸಲದ ಸಂಕ್ರಾಂತಿಯ ಹೊತ್ತಿಗೆ ದೊಡ್ಡಬಳ್ಳಾಪುರದಲ್ಲಿ ವ್ಯವಸಾಯ ಮತ್ತು ಕೈಗಾರಿಕೆಯ ವಸ್ತುಪ್ರದರ್ಶನ ಇತ್ತು. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದು ನೋಡುತ್ತಾರೆ, ಮೆಚ್ಚಿದರೆ ಸರ್ಕಾರದಿಂದ ಒಂದು ಶೆಡ್ಡು, ಒಳ್ಳೆಯ ಭಟ್ಟಿ ಸಿಗುತ್ತದೆ, ಊರಿನ ಹತ್ತಾರು ಹೆಂಗಸರಿಗೆ ಸಿಪ್ಪೆ ಒಣಗಿಸುವ ಕೆಲಸವಾಗುತ್ತದೆ ಅಂತ ಮೇಷ್ಟ್ರು ಲೆಕ್ಕ ಹಾಕಿದರು. ಬರೀ ಬದನೆಕಾಯಿ ತೋರಿಸಿದರೆ ಸಾಹೇಬರು ನಂಬುವುದಿಲ್ಲ. ಮನುಷ್ಯರನ್ನೇ ತೋರಿಸಬೇಕು. ಒಬ್ಬರೇ ಮನುಷ್ಯರ ಒಂದು ಕೆನ್ನೆಗೆ ಹಚ್ಚಿ ಇನ್ನೊಂದನ್ನು ಹಾಗೇ ಬಿಟ್ಟರೆ ಯಾರೂ ಅಲ್ಲಗಳೆಯುವ ಹಾಗಿಲ್ಲ. ಇದಕ್ಕೆ ಅವರು ಆರಿಸಿಕೊಂಡದ್ದು ನನ್ನನ್ನು.

ಅಪ್ಪನನ್ನು ಕೇಳಲು ಅವರು ಸಂಕೋಚಪಡಲಿಲ್ಲ. ಜಗಲಿಯ ಮೇಲೆ ಕೂತು, ಎಲ್ಲರೆದುರಿಗೆ, "ನಿಮ್ಮ ಮಗಳ ಬಣ್ಣ ಪ್ರಯೋಗಕ್ಕೆ ಬಹಳ ಅನುಕೂಲವಾಗಿದೆ ಗೌಡ್ರೇ, ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತೆ" ಅಂದರು. ಅದರಲ್ಲಿ ಕುಹಕ ಇರಲಿಲ್ಲ. ಹೊಲದ ಮಣ್ಣು ಕಡಲೆಗೆ ಅನುಕೂಲವಾಗಿದೆ ಅನ್ನುವ ಹಾಗೆಯೇ ಅಂದದ್ದು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬಿಟ್ಟಿಯಾಗಿ ಔಷಧಿ ಸಿಗುತ್ತದೆ ಅಂತ ಅಪ್ಪ ಒಪ್ಪಿದ. ಅವ್ವ ಮಾತ್ರ ಒಳಗಿನಿಂದಲೇ, "ಒಂದೇ ಕಡೀಕೆ ಯಾಕೆ ಸ್ವಾಮಿ? ಹಚ್ಚೋದು ಹಚ್ತೀರ, ಇನ್ನೊಂದು ಕಡೀಕೂ ಹಚ್ಬುಡಿ" ಅಂದಳು. ಮೇಷ್ಟ್ರು ನಕ್ಕು, "ಎರಡೂ ಕಡೆ ಹಚ್ಚಿದ್ರೆ ಅದು ಪ್ರಯೋಗ ಆಗಲ್ಲ ತಾಯಿ, ಬರೀ ಸಿಂಗಾರ ಆಗುತ್ತೆ" ಅಂದರು.

ದಿನಾ ದೀಪ ಹಚ್ಚುವ ಹೊತ್ತಿಗೆ ಎಡಗೆನ್ನೆಗೆ ಒಂದು ಚಮಚ. ಬೆಳಗ್ಗೆ ಬಿಸಿಲು ಬೀಳುವ ಮುಂಚೆ ತೊಳೆದುಬಿಡಬೇಕು, ಸಿಪ್ಪೆಯ ಸತ್ವ ಬಿಸಿಲು ಕಂಡರೆ ಉಲ್ಟಾ ಕಪ್ಪು ಮಾಡುತ್ತದೆ. ಇಷ್ಟು ಅವ್ವನಿಗೆ ಹೇಳಿ ಒಂದು ಬಾಟಲಿ ಕೊಟ್ಟುಹೋದರು. ಆಮೇಲೆ ಅವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು. ಪ್ರದರ್ಶನದ ದಿನದವರೆಗೆ ನನ್ನ ಮುಖ ನೋಡುವ ಹಾಗಿಲ್ಲ.

"ಮಧ್ಯೆ ಮಧ್ಯೆ ನೋಡ್ತಾ ಇದ್ರೆ ನನ್ನ ಕಣ್ಣು ನನಗೆ ಬೇಕಾದ್ದನ್ನೇ ಕಾಣುತ್ತೆ. ಆ ದಿನ ಸಾಹೇಬರ ಜೊತೆಗೇ ನಾನೂ ಮೊದಲ ಸಲ ನೋಡ್ಬೇಕು" ಅಂದರು ತರಗತಿಯಲ್ಲಿ.

ಕೊಟ್ಟ ಮಾತಿನಂತೆ ನಡೆದರು. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಪುಸ್ತಕವನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಪ್ರಶ್ನೆ ಕೇಳಿದರೆ ಕಿಟಕಿಯ ಕಡೆ ತಿರುಗಿ ಕೇಳುತ್ತಿದ್ದರು, ನಾನು ಕೊಟ್ಟ ಉತ್ತರವನ್ನು ಕಿಟಕಿಗೇ ಶಹಬ್ಬಾಸ್ ಅನ್ನುತ್ತಿದ್ದರು. ದಾರಿಯಲ್ಲಿ ಎದುರಾದರೆ ತಂತಿ ಕಂಬ ನೋಡುತ್ತಾ ನಡೆಯುತ್ತಿದ್ದರು, ಒಂದು ಸಲ ಹಾಗೆ ನಡೆದು ಎತ್ತಿನ ಗಾಡಿಗೆ ಡಿಕ್ಕಿ ಹೊಡೆದರು. ಹುಡುಗರಿಗೆ ನಗುವೋ ನಗು. ಕಾರಣ ಗೊತ್ತಿದ್ದೂ ನನಗೆ ನಗು ಬರಲಿಲ್ಲ. ನನ್ನ ಕಂಡರೆ ಮುಖ ತಿರುಗಿಸುವ ಜನ ಹೊಸಬರೇನಲ್ಲ, ಮೇಷ್ಟ್ರೂ ಅವರ ಜೊತೆ ಸೇರಿದರು ಅಂತಲೇ ನನ್ನ ಪುಟ್ಟ ತಲೆ ತಿಳಿದುಕೊಂಡಿತು. ಹುಡುಗರು ದಿನಾ, "ಯಾವ ಕಡೀಕಮ್ಮಿ ಇವತ್ತು ಹುಣ್ಣಿಮೆ, ಯಾವ ಕಡೀಕೆ ಅಮಾಸೆ" ಅಂತ ಕೇಳುತ್ತಿದ್ದರು. ನಾನು ಸೆರಗಿಲ್ಲದ ವಯಸ್ಸಿನಲ್ಲಿ ಸ್ಲೇಟನ್ನು ಕೆನ್ನೆಗೆ ಅಡ್ಡ ಹಿಡಿದು ಓಡಾಡಿದೆ.

ಮನೆಯಲ್ಲಿ ನಡೆಯುತ್ತಿದ್ದುದೇ ಬೇರೆ. ಮೊದಲ ಒಂದೆರಡು ದಿನ ಮೇಷ್ಟ್ರು ಹೇಳಿದ ಹಾಗೆ ಅವ್ವ ಎಡಗಡೆಗೆ ಮಾತ್ರ ಹಚ್ಚಿದಳು. ಆಮೇಲೊಂದು ಸಂಜೆ ಚಮಚ ಹಿಡಿದು ನನ್ನ ಮುಖವನ್ನೇ ನೋಡುತ್ತಾ ಕೂತಳು. ಅರ್ಧ ಚಮಚ ಎಡಕ್ಕೆ ಹಚ್ಚಿ, ಉಳಿದರ್ಧ ಬಲಕ್ಕೆ ಹಚ್ಚಿದಳು. ತಂಗಿಗೂ ನನಗೂ ಒಂದೇ ಉಂಡೆ ಬೆಲ್ಲವನ್ನು ಮುರಿದು ಕೊಡುತ್ತಿದ್ದಳಲ್ಲ, ಹಾಗೆ.

"ಮೇಷ್ಟ್ರು ಬೇಡ ಅಂದವ್ರೆ ಕಣವ್ವ" ಅಂದೆ.

"ಮೇಷ್ಟ್ರುಗೇನು, ಸಂಕ್ರಾಂತಿ ಆದ್ಮ್ಯಾಕೆ ಅವರು ಅವರ ಮನೇಗೆ ಹೋಯ್ತಾರೆ. ಮುಖ ಹೊತ್ಕಂಡು ಬದುಕಬೇಕಾದವಳು ನೀನು. ಬಾಯಿ ಮುಚ್ಕಂಡಿರು" ಅಂದಳು.

ಬಾಯಿ ಮುಚ್ಚಿಕೊಂಡಿದ್ದೆ. ಅವ್ವನ ಮಾತು ಮೀರುವ ವಯಸ್ಸಲ್ಲ ಅದು, ಮನೆಯೂ ಅಲ್ಲ. ದಿನಾ ಸಂಜೆ ಎರಡೂ ಕೆನ್ನೆ ತಣ್ಣಗೆ ಚುರುಗುಟ್ಟುವಾಗ ಮಾತ್ರ ಕಿಟಕಿಯ ಕಡೆ ತಿರುಗಿ ಮಾತಾಡುವ ಮೇಷ್ಟ್ರು ಕಣ್ಣಿಗೆ ಬರುತ್ತಿದ್ದರು. ಪಾಪ, ಅವರು ಯಾವ ಗೆಲುವಿಗೆ ಕಾಯುತ್ತಿದ್ದಾರೋ ಅದು ನಮ್ಮ ಅಡಿಗೆಮನೆಯಲ್ಲಿ ದಿನವೂ ಅರ್ಧರ್ಧ ಹಂಚಿಹೋಗುತ್ತಿತ್ತು. ಅರ್ಕದಿಂದ ನಾನು ಬೆಳ್ಳಗಾದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆ ಚಳಿಗೆ ಊರಿನವರೆಲ್ಲರ ಚರ್ಮವೂ ಬಿರಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅವ್ವ ಮಾತ್ರ ದಿನಾ ಬೆಳಗ್ಗೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಬಿಟ್ಟದೆ, ವಸಿ ಬಿಟ್ಟದೆ" ಅನ್ನುತ್ತಿದ್ದಳು. ನನಗೂ ಕಪ್ಪು ಬಿಟ್ಟಿದೆ ಅನ್ನಿಸುತ್ತಿತ್ತು.

ಇಲ್ಲಿ ಸ್ವಲ್ಪ ಮುಂದೆ ಹೋಗುತ್ತೇನೆ, ಯಾಕೆಂದರೆ ಆ ದಿನದ ಬಗ್ಗೆ ಬರೆಯಲು ಕೈ ಹಿಂದೆ ಸರಿಯುತ್ತಿದೆ. ಮೇಷ್ಟ್ರು ಆಮೇಲೆ ಹೊಸಕೋಟೆ, ನೆಲಮಂಗಲ ಅಂತ ವರ್ಗವಾಗಿ, ಹೆಡ್‌ಮೇಷ್ಟ್ರಾಗಿ ನಿವೃತ್ತರಾದರು. ಅರ್ಕದ ಸುದ್ದಿಗೆ ಮತ್ತೆ ಹೋಗಲಿಲ್ಲ. ತಾಮ್ರದ ಹಂಡೆ ಬಚ್ಚಲು ಸೇರಿತು. ಅವರ ಕೈಲಿ ಆಮೇಲೆ ಓದಿದವರೆಲ್ಲ ಅವರ ಬಗ್ಗೆ ಹೇಳುವ ಮಾತು ಒಂದೇ: ಹಾಜರಿ ಕರೆಯುವಾಗ ಪುಸ್ತಕ ನೋಡುತ್ತಿರಲಿಲ್ಲವಂತೆ, ಒಂದೊಂದು ಮಗುವಿನ ಮುಖವನ್ನೂ ನೋಡಿ, ಅದು ತಿರುಗಿ ನೋಡುವವರೆಗೆ ಕಾದು, ಆಮೇಲೆ ಹೆಸರು ಹಿಡಿದು ಕೂಗುತ್ತಿದ್ದರಂತೆ. ಹಾಜರಿಗೇ ಅರ್ಧ ಪೀರಿಯಡ್ಡು ಹೋಗುತ್ತಿತ್ತು ಅಂತ ಅವರೆಲ್ಲ ನಗುತ್ತಾರೆ. ನಾನು ಆ ನಗುವಿಗೆ ಸೇರಿಕೊಳ್ಳಲಾರೆ.

ನನ್ನ ಮೊಮ್ಮಗಳು ಹಚ್ಚಿಕೊಳ್ಳುವ ಟ್ಯೂಬಿನ ಮೇಲೆ ನೆಲ್ಲಿಕಾಯಿಯ ಚಿತ್ರ, ಹಣ್ಣಿನ ಸಿಪ್ಪೆಯ ಚಿತ್ರ, ಅತಿಮಧುರದ ಬೇರಿನ ಚಿತ್ರ ಇದೆ. "ಆಂಟಿ ಆಕ್ಸಿಡೆಂಟ್ ಅಜ್ಜಿ, ನಿಂಗೆ ಗೊತ್ತಾಗಲ್ಲ" ಅಂತಾಳೆ. ಗೊತ್ತು ಅಂತ ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅವಳೂ ನನ್ನ ಬಣ್ಣವೇ. ಟ್ಯೂಬು ಖಾಲಿಯಾದಾಗ ತಂದುಕೊಡುವವಳು ನಾನೇ.

ಪ್ರದರ್ಶನದ ದಿನ ಅವ್ವ ನನಗೆ ತಂಗಿಯ ಹೊಸ ಲಂಗ ಉಡಿಸಿದಳು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಬಾಟಲಿಗಳ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹಿಂದೆ ತಿರುಗದೆ ಕೂತಿದ್ದರು. ಡೇರೆಯ ಒಳಗೆ ಹೋಗುವ ಮುಂಚೆ ಅವ್ವ ನನ್ನನ್ನು ಹಿಂದಿನ ನೆರಳಿಗೆ ಎಳೆದುಕೊಂಡು ಹೋಗಿ, ಸೊಂಟದಿಂದ ಕುಂಕುಮದ ಭರಣಿ ತೆಗೆದಳು. ಅದರಲ್ಲಿ ಅರ್ಕ ತುಂಬಿಕೊಂಡು ಬಂದಿದ್ದಳು. "ಬಲಗಡೆ ವಸಿ ಹಿಂದೆ ಬಿದ್ದದೆ. ಅಷ್ಟು ಜನ ನೋಡ್ತಾರೆ" ಅಂದು ಬಲಗೆನ್ನೆಗೆ ಚೆನ್ನಾಗಿ ತಿಕ್ಕಿದಳು.

ಡೇರೆಯಲ್ಲಿ ಒಂದು ಕಡೆ ನೇಯ್ಗೆಯವರ ಸೀರೆಗಳು, ಒಂದು ಕಡೆ ಕುಂಬಳಕಾಯಿ, ರಾಗಿಯ ತೆನೆ. ನಡುವೆ ನಮ್ಮ ಮೇಜು. ಮೇಜಿನ ಮೇಲೆ ಬಾಟಲಿಗಳು, ಒಣಸಿಪ್ಪೆ, ಎರಡು ಹೋಳು ಬದನೆಕಾಯಿ. ಪಕ್ಕದಲ್ಲಿ ಬೆಂಚು, ಬೆಂಚಿನ ಮೇಲೆ ನಾನು. ಸಾಹೇಬರು ಬಂದರು, ಅವರ ಹಿಂದೆ ಅಮಲ್ದಾರರು, ಊರ ಪ್ರಮುಖರು, ಆಮೇಲೆ ಜನವೋ ಜನ. ಮೇಷ್ಟ್ರು ಬದನೆಕಾಯಿ ತೋರಿಸಿದರು. ಸಾಹೇಬರು ತಲೆದೂಗಿದರು. ಆಮೇಲೆ ಮೇಷ್ಟ್ರು ಭೂಪಟ ತೋರಿಸುವ ಬೆತ್ತ ಎತ್ತಿಕೊಂಡು, ಇನ್ನೂ ನನ್ನ ಕಡೆ ನೋಡದೆ, ಬೆತ್ತದ ತುದಿಯನ್ನು ನನ್ನ ಎಡಗೆನ್ನೆಗೆ ಮುಟ್ಟಿಸಿದರು.

"ಇದು ಅರ್ಕ ಹಚ್ಚಿದ ಭಾಗ ಸಾರ್" ಅಂದರು. ಬೆತ್ತ ಬಲಗಡೆಗೆ ಬಂತು. "ಇದು ಹಚ್ಚದ ಭಾಗ. ತಾವು ಪರಾಂಬರಿಸಬೇಕು."

ಸಾಹೇಬರು ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ನನ್ನನ್ನು ಬೆಳಕಿನ ಕಡೆ ತಿರುಗು ಅಂದರು. ತಿರುಗಿದೆ. ಈ ಕಡೆ ಅಂದರು. ಈ ಕಡೆ ತಿರುಗಿದೆ. ಜನ ಕತ್ತು ಚಾಚಿದರು.

"ಎರಡು ಕಡೆಯೂ ಒಂದೇ ಹದ ಇದೆಯಲ್ಲ ಮೇಷ್ಟ್ರೇ" ಅಂದರು ಸಾಹೇಬರು. "ಬದನೆಕಾಯಿಗೇ ಹಚ್ಚಿಬಿಡಿ ನೀವು, ಅದು ದೂರು ಹೇಳಲ್ಲ."

ಅಮಲ್ದಾರರು ಮೊದಲು ನಕ್ಕರು, ಆಮೇಲೆ ಡೇರೆಯೇ ನಕ್ಕಿತು. ಹಿಂದಿನಿಂದ ಯಾರೋ, "ಇದ್ದಿಲು ತೊಳೆದ್ರೆ ಬೆಳ್ಳಗಾಯ್ತದಾ ಸ್ವಾಮಿ" ಅಂದ. ಅದಕ್ಕೆ ಇನ್ನೊಂದು ಸುತ್ತು ನಗು. ನಾನು ಬೆಂಚಿನ ಮೇಲೆ ನಿಂತಿದ್ದೆ, ಎಲ್ಲರಿಗಿಂತ ಎತ್ತರದಲ್ಲಿ. ಕೆಳಗೆ ನೋಡಿದರೆ ನಗುವ ಮುಖಗಳು, ಮೇಲೆ ನೋಡಿದರೆ ಡೇರೆಯ ಬಟ್ಟೆ. ಭೂಮಿ ಬಾಯಿ ಬಿಡಲಿ ಅನ್ನುತ್ತಾರಲ್ಲ, ಬೆಂಚಿನ ಮೇಲೆ ನಿಂತವರಿಗೆ ಆ ಭಾಗ್ಯವೂ ಇಲ್ಲ.

ಮೇಷ್ಟ್ರು ಆಗ ನನ್ನ ಮುಖ ನೋಡಿದರು. ಅಷ್ಟು ದಿನದ ಮೇಲೆ ಮೊದಲ ಸಲ. ಹತ್ತಿರ ಬಂದು ಎಡಗೆನ್ನೆ ನೋಡಿದರು, ಬಲಗೆನ್ನೆ ನೋಡಿದರು, ಅಲ್ಲೇ ನಿಂತರು. ಬಲಗೆನ್ನೆಯಿಂದ ಲಾವಂಚವೂ ಚಕ್ಕೋತವೂ ಘಮ್ಮನೆ ಬರುತ್ತಿತ್ತು. ತಾವೇ ಇಳಿಸಿದ ಅರ್ಕದ ವಾಸನೆ ಅವರಿಗೆ ತಿಳಿಯದೇ ಇರುತ್ತದೆಯೇ. ಅವರ ಕಣ್ಣು ಜನರ ನಡುವೆ ಹುಡುಕಿ ನಮ್ಮವ್ವನ ಮೇಲೆ ನಿಂತಿತು. ಅವ್ವ ಡೇರೆಯ ಗೂಟಕ್ಕೆ ಒರಗಿ, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಒಂದು ಮಾತು ಸಾಕಿತ್ತು. ಮನೆಯವರು ಎರಡು ಕಡೆಗೂ ಹಚ್ಚಿದ್ದಾರೆ ಸಾರ್, ಇಲ್ಲಿ ಮೂಸಿ ನೋಡಿ, ಅಂದಿದ್ದರೆ ನಗು ಅವರನ್ನು ಬಿಟ್ಟು ನಮ್ಮವ್ವನ ಮೇಲೆ ಬೀಳುತ್ತಿತ್ತು. ಸಾಹೇಬರು ಇನ್ನೊಂದು ಅವಕಾಶ ಕೊಡುತ್ತಿದ್ದರೋ ಏನೋ. ನಾನು ಆ ಮಾತಿಗೆ ಕಾದೆ. ಮೇಷ್ಟ್ರ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು.

"ನನ್ನ ಅರ್ಕ ಕೆಲಸ ಮಾಡಿಲ್ಲ ಸಾರ್" ಅಂದರು. "ತಪ್ಪು ನನ್ನದು. ಮಗೂದಲ್ಲ."

ಬೆತ್ತವನ್ನು ಮೇಜಿನ ಮೇಲಿಟ್ಟು, ನನಗೆ ಕೈ ಕೊಟ್ಟು ಬೆಂಚಿನಿಂದ ಇಳಿಸಿದರು. ಸಾಹೇಬರು ಆಗಲೇ ಕುಂಬಳಕಾಯಿಯ ಕಡೆ ನಡೆದಿದ್ದರು.

ವಾಪಸು ಬರುವಾಗ ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ಆ ಬಸ್ಸುಗಳ ಹಣೆಬರಹವೇ ಅಷ್ಟು, ಏರು ಬಂದರೆ ಎಲ್ಲರೂ ಇಳಿಯಬೇಕು, ಕಂಡಕ್ಟರು ಹಿಂದೆ ಹೋಗಿ ಇದ್ದಿಲಿನ ಒಲೆಗೆ ಗಾಳಿ ಹಾಕುವ ಹಿಡಿ ತಿರುಗಿಸಬೇಕು. ಇಳಿದವರೆಲ್ಲ ಹೊಂಗೆಯ ನೆರಳಿಗೆ ಹೋದರು. ಮೇಷ್ಟ್ರು ಮಾತ್ರ ಪೆಟ್ಟಿಗೆ ಹಿಡಿದು ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತರು. ಪೇಟ ತೆಗೆದು ಪಕ್ಕದಲ್ಲಿಟ್ಟಿದ್ದರು. ಅವರನ್ನು ಬರಿತಲೆಯಲ್ಲಿ ನಾನು ನೋಡಿದ್ದೇ ಆವತ್ತು.

ಅವ್ವ ನನ್ನ ಕೈಹಿಡಿದು ಎಳೆದುಕೊಂಡು ಅವರ ಹತ್ತಿರ ಹೋದಳು. ತಪ್ಪೊಪ್ಪಿಕೊಳ್ಳಲು ಹೋಗುತ್ತಿದ್ದಾಳೆ ಅಂದುಕೊಂಡೆ.

"ಸ್ವಾಮಿ, ಒಂದ್ಮಾತು. ಆ ಪೆಟ್ಗೇಲಿ ಬಾಟ್ಲಿ ಉಳಿದೈತಲ್ಲ, ಏನ್ಮಾಡ್ತೀರ?" ಅಂದಳು.

ಮೇಷ್ಟ್ರು ತಲೆಯೆತ್ತಿದರು. "ಚೆಲ್ತೀನಮ್ಮ."

"ಚೆಲ್ಲೋ ಬದ್ಲು ನಮ್ಗೆ ಕೊಟ್ಬುಡಿ. ಮಗೀಗೆ ಹಚ್ಕತೀವಿ."

"ಅದು ಕೆಲಸ ಮಾಡಲ್ಲ ಅಂತ ಅಷ್ಟು ಜನರ ಮುಂದೆ ಒಪ್ಕೊಂಡು ಬಂದೆನಲ್ಲ ತಾಯಿ."

"ನೀವು ಹಂಗಂದ್ರಿ. ಅದು ಮಾಡ್ತದೆ ಸ್ವಾಮಿ. ದಿನಾ ಎರಡು ಕಡೀಕೂ ಹಚ್ಚಿ ನಾನೇ ನೋಡಿವ್ನಿ" ಅಂದಳು. ಆಮೇಲೆ ಅವಳ ದನಿ ಒಡೆಯಿತು. "ನಿಮ್ಮ ಮಾನ ಕಳೆದವಳು ನಾನೇಯ, ಗೊತ್ತು. ಬಿದ್ದೋದ ನಾಲಿಗೆ, ಅಲ್ಲಿ ಏಳ್ಲಿಲ್ಲ. ಆದ್ರೆ ನೀವೇ ಹೇಳಿ ಸ್ವಾಮಿ. ಪೂರ್ತಿ ಕರ್ರಗಿದ್ರೆ ಯಾರೋ ಒಬ್ಬ ಎರಡನೇ ಸಂಬಂಧದೋನಾದ್ರೂ ಬತ್ತಾನೆ. ಒಂದು ಕಡೀಕೆ ಬೆಳ್ಳಗೆ ಒಂದು ಕಡೀಕೆ ಕರ್ರಗೆ ಇರೋಳ್ನ ಯಾರು ಮಾಡ್ಕತಾರೆ? ನಿಮ್ಮ ಪರೀಕ್ಸೆ ಮುಗುದ್ಮ್ಯಾಕೆ ನನ್ನ ಮಗೀನ ನಾನು ಎಲ್ಲಿ ಇಟ್ಕಳ್ಲಿ?"

ಮೇಷ್ಟ್ರು ಪಕ್ಕದಲ್ಲಿದ್ದ ಪೇಟವನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟರು. ಕಂಡಕ್ಟರು ಹಿಡಿ ತಿರುಗಿಸುವ ಕರಕರ ಸದ್ದು ಮಾತ್ರ ಕೇಳುತ್ತಿತ್ತು.

"ಅದನ್ನ ನಾನು ಯೋಚನೇನೇ ಮಾಡ್ಲಿಲ್ಲ" ಅಂದರು ಕೊನೆಗೆ. ಅವ್ವನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ.

ಆಮೇಲೆ ಕಲ್ಲಿನಿಂದ ಇಳಿದು, ನನ್ನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ನನ್ನ ಮುಖವನ್ನು ನೆಟ್ಟಗೆ ನೋಡಿದರು. ಅವರ ಕಣ್ಣು ಕೆಂಪಾಗಿತ್ತು.

"ನಿನ್ನ ಕೇಳದೇನೇ ಎಲ್ಲ ಮಾಡಿದ್ವಿ ಕಣಮ್ಮ, ನಾನೂ ನಿಮ್ಮವ್ವನೂ" ಅಂದರು. "ಈಗ ಕೇಳ್ತೀನಿ. ಇದು ನಿನಗೆ ಬೇಕಾ?"

ಹುಟ್ಟಿದಾಗಿನಿಂದ ನನ್ನ ಬಣ್ಣದ ಬಗ್ಗೆ ಎಲ್ಲರೂ ಮಾತಾಡಿದ್ದರು, ನನ್ನನ್ನು ಕೇಳಿದವರು ಅವರೊಬ್ಬರೇ. ಬೇಡ ಅನ್ನಲಿ ಅಂತ ಅವರು ಕಾಯುತ್ತಿದ್ದಾರೆ ಅನ್ನುವುದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಬೇಡ ಅಂದರೆ ಅವರ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅನ್ನುವಷ್ಟು ಬುದ್ಧಿಯೂ ನನಗಿತ್ತು. ಡೇರೆಯ ನಗು ಇನ್ನೂ ಕಿವಿಯಲ್ಲಿತ್ತು.

"ಬೇಕು ಸಾ" ಅಂದೆ.

ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಪೆಟ್ಟಿಗೆ ತೆರೆದು, ತುಂಬಿದ್ದ ಬಾಟಲಿಯೊಂದನ್ನು ತೆಗೆದು, ಬಿರಡೆ ಭದ್ರವಾಗಿದೆಯೇ ಅಂತ ನೋಡಿ, ಅವ್ವನಿಗಲ್ಲ, ನನ್ನ ಕೈಗೇ ಕೊಟ್ಟರು. ಎದ್ದು ನಿಂತು ನಮ್ಮವ್ವನಿಗೆ ಕೈಮುಗಿದರು.

"ಎರಡು ಕಡೆಗೂ ಸಮವಾಗಿ ಹಚ್ಚಿ ತಾಯಿ" ಅಂದರು.